ಯಾಕಿಮಾಕ್ಕೆ ಹೋಗುವುದಾದರೆ ಸೆಪ್ಟೆಂಬರಿನಲ್ಲಿ ಹೋಗಿ, ಮೊದಲು ಹೊಳೆಗಿಳಿಯಿರಿ

ವೈನ್ ನಾಡಿಗೆ ಪ್ರವಾಸ ಹೊರಟವರು ಸಾಮಾನ್ಯವಾಗಿ ಒಂದೇ ದಿನದಲ್ಲಿ ಐದಾರು ವೈನರಿಗಳನ್ನು ಸುತ್ತಿ, ಪ್ರತಿಯೊಂದು ಕಡೆಯೂ ನಾಲ್ಕಾರು ಗುಟುಕು ರುಚಿ ನೋಡಿ, ಸಂಜೆಯ ಹೊತ್ತಿಗೆ ಯಾವುದನ್ನು ಎಲ್ಲಿ ಕುಡಿದೆವೆಂಬುದನ್ನೇ ಮರೆತು ಮರಳುತ್ತಾರೆ. ನೀರಿಳಿಯದ ಗಂಟಲಲ್ಲಿ ಕಡುಬು ತುರುಕುವ ಈ ಬಗೆಯ ಪ್ರವಾಸದ ಬಗ್ಗೆ ನನಗೆ ತಕರಾರಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಗೆ ಹೋಗುವವರಿಗೆ ನಾನು ಹೇಳುವುದಿಷ್ಟೇ: ಮೊದಲ ದಿನ ಯಾವ ವೈನರಿಗೂ ಹೋಗಬೇಡಿ, ಹೊಳೆಗೆ ಹೋಗಿ. ಅಲ್ಲಿನ ವೈನು ಆ ಹೊಳೆಯ ನೀರಿನಿಂದಲೇ ಆದದ್ದು. ಹೊಳೆಯನ್ನು ನೋಡದೆ ಕುಡಿದವರಿಗೆ ಆ ಊರಿನ ಅರ್ಧ ರುಚಿ ಮಾತ್ರ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಯಾಕಿಮಾ ಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್ ಮಾತ್ರ. ಪೆಸಿಫಿಕ್ ಸಾಗರದಿಂದ ಬರುವ ಮೋಡಗಳು ಕ್ಯಾಸ್ಕೇಡ್ ಪರ್ವತಗಳ ಪಶ್ಚಿಮದ ಇಳಿಜಾರಿನಲ್ಲೇ ಬರಿದಾಗುವುದರಿಂದ, ಪೂರ್ವದ ಈ ಕಣಿವೆ ಮಳೆನೆರಳಿನಲ್ಲಿ ಉಳಿದಿದೆ. ನೀರು ಹಾಯಿಸದ ಗುಡ್ಡಗಳ ಮೇಲೆ ಬೂದುಬಣ್ಣದ ಕುರುಚಲು ಗಿಡವಲ್ಲದೆ ಬೇರೇನೂ ಬೆಳೆಯುವುದಿಲ್ಲ. ಅದೇ ಗುಡ್ಡದ ಮಗ್ಗುಲಲ್ಲಿ ಕಾಲುವೆ ಹರಿಯಿತೆಂದರೆ, ಅದರ ಕೆಳಗಿನ ನೆಲವೆಲ್ಲ ಸೇಬು, ಚೆರ್ರಿ, ಬಿಯರಿಗೆ ಕಹಿರುಚಿ ಕೊಡುವ ಹಾಪ್ಸ್ ಬಳ್ಳಿ ಮತ್ತು ದ್ರಾಕ್ಷಿಯಿಂದ ತುಂಬಿಹೋಗುತ್ತದೆ. ಅಮೆರಿಕದಲ್ಲಿ ಬೆಳೆಯುವ ಹಾಪ್ಸ್‌ನ ಬಹುಪಾಲು ಈ ಒಂದು ಕಣಿವೆಯದು. ಪ್ರಾಸರ್ ಎಂಬ ಚಿಕ್ಕ ಊರಿನ ನೀರಾವರಿ ಪ್ರಯೋಗ ಕೇಂದ್ರಕ್ಕೆ 1937ರಲ್ಲಿ ಬಂದ ವಾಲ್ಟರ್ ಕ್ಲೋರ್ ಎಂಬ ತೋಟಗಾರಿಕೆ ವಿಜ್ಞಾನಿ, ಯುರೋಪಿನ ದ್ರಾಕ್ಷಿ ತಳಿಗಳು ಇಲ್ಲಿ ಬಾಳಬಲ್ಲವು ಎಂಬುದನ್ನು ದಶಕಗಳ ಪ್ರಯೋಗದಿಂದ ತೋರಿಸಿಕೊಟ್ಟರು. 1983ರಲ್ಲಿ ಯಾಕಿಮಾ ಕಣಿವೆಯು ವಾಷಿಂಗ್ಟನ್ ರಾಜ್ಯದ ಮೊತ್ತಮೊದಲ ಅಧಿಕೃತ ದ್ರಾಕ್ಷಿ ಪ್ರದೇಶವಾಯಿತು.

ಈಗ ಹೊಳೆಯ ವಿಷಯ. ಸ್ನೋಕ್ವಾಲ್ಮಿ ಕಣಿವೆದಾರಿಯ ಬಳಿಯ ಕೀಚಲಸ್ ಸರೋವರದಿಂದ ಹೊರಟು, ಸುಮಾರು 344 ಕಿಲೋಮೀಟರ್ ಹರಿದು, ರಿಚ್‌ಲ್ಯಾಂಡ್ ಬಳಿ ಕೊಲಂಬಿಯಾ ನದಿಯನ್ನು ಸೇರುವ ಯಾಕಿಮಾ, ಎಲೆನ್ಸ್‌ಬರ್ಗ್ ಪಟ್ಟಣದ ಕೆಳಗೆ ಕಪ್ಪು ಬಸಾಲ್ಟ್ ಬಂಡೆಗಳ ಕಮರಿಯೊಂದನ್ನು ಹೊಗುತ್ತದೆ. ಟ್ರೌಟ್ ಮೀನಿಗೆ, ಅದನ್ನು ಫ್ಲೈ ಫಿಶಿಂಗ್ ಎಂಬ ಬಗೆಯಲ್ಲಿ ಹಿಡಿಯುವುದಕ್ಕೆ ಹೆಸರಾದ ಜಾಗ ಅದು. ಇಲ್ಲಿ ಎರೆಹುಳುವನ್ನಾಗಲಿ ಬೇರೆ ಜೀವಂತ ಆಹಾರವನ್ನಾಗಲಿ ಗಾಳಕ್ಕೆ ಸಿಕ್ಕಿಸುವಂತಿಲ್ಲ. ಗಾಳಕ್ಕೆ ಹಿಮ್ಮುಳ್ಳು ಇರಕೂಡದು. ಹಿಡಿದ ಟ್ರೌಟನ್ನು ಮತ್ತೆ ನೀರಿಗೇ ಬಿಡಬೇಕು.

ಫ್ಲೈ ಫಿಶಿಂಗ್ ಎಂದರೇನೆಂದು ತಿಳಿಯದವರಿಗಾಗಿ ಒಂದೆರಡು ಮಾತು. ಸಾಮಾನ್ಯ ಗಾಳದಲ್ಲಿ ತುದಿಯಲ್ಲಿರುವ ಸೀಸದ ಗುಂಡಿನ ತೂಕವು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ತೂಕವಿರುವುದು ದಪ್ಪನೆಯ ದಾರದಲ್ಲಿ. ಅದರ ತುದಿಗೆ ಗರಿ, ರೋಮ, ನೂಲುಗಳಿಂದ ಕಟ್ಟಿದ, ಹೆಚ್ಚುಕಡಿಮೆ ತೂಕವೇ ಇಲ್ಲದ ಒಂದು ಕೃತಕ ಹುಳು ಇರುತ್ತದೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ದಾರವನ್ನು ಗಾಳಿಯಲ್ಲಿ ಬಿಚ್ಚಿ, ಆ ಹುಳುವನ್ನು ನೀರಿನ ಮೇಲೆ ಸದ್ದಿಲ್ಲದೆ ಇಳಿಸಬೇಕು. ಇಳಿಸಿದ ಮೇಲೆ ಅದು ಹೊಳೆಯ ವೇಗದಲ್ಲೇ ತೇಲಬೇಕು. ದಾರವು ಅದನ್ನು ಕೊಂಚ ಜಗ್ಗಿದರೂ ಟ್ರೌಟ್ ಅನುಮಾನಪಟ್ಟು ದೂರ ಸರಿಯುತ್ತದೆ. ಆದ್ದರಿಂದ ಈ ಹವ್ಯಾಸದ ಮುಕ್ಕಾಲು ಪಾಲು ನೋಡುವುದರಲ್ಲೇ ಕಳೆಯುತ್ತದೆ: ಇಂದು ಯಾವ ಹುಳು ನೀರಿನಿಂದ ಏಳುತ್ತಿದೆ, ಹೊಳೆ ಎಲ್ಲಿ ನಿಧಾನವಾಗುತ್ತದೆ, ನೆರಳು ಎಲ್ಲಿ ಬಿದ್ದಿದೆ. ಚಳಿಗಾಲ ಮುಗಿಯುವ ಹೊತ್ತಿಗೆ ಸ್ಕ್ವಾಲಾ ಎಂಬ ಕಲ್ಲುನೊಣ, ಮೇ ತಿಂಗಳ ಮೊದಲ ವಾರಗಳಲ್ಲಿ ಕ್ಯಾಡಿಸ್, ಬೇಸಿಗೆಯಲ್ಲಿ ದಡದ ಹುಲ್ಲಿನಿಂದ ನೀರಿಗೆ ಬೀಳುವ ಮಿಡತೆ, ಶರತ್ಕಾಲದಲ್ಲಿ ಕಿತ್ತಳೆಬಣ್ಣದ ಹೊಟ್ಟೆಯ ದೊಡ್ಡ ಕ್ಯಾಡಿಸ್, ಹೀಗೆ ಹೊಳೆಗೂ ಒಂದು ಪಂಚಾಂಗವಿದೆ. ಅದನ್ನು ಓದಲು ಕಲಿತವರಿಗೆ ದ್ರಾಕ್ಷಿ ತೋಟದ ಪಂಚಾಂಗ ಕಷ್ಟವೆನಿಸುವುದಿಲ್ಲ.

ಹಿಡಿದು ಬಿಡುವುದರಲ್ಲಿ ಏನು ಪುರುಷಾರ್ಥವಿದೆ, ತಿನ್ನುವುದಿಲ್ಲವೆಂದ ಮೇಲೆ ಮೀನಿನ ಬಾಯಿಗೆ ಗಾಳ ಹಾಕುವುದೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಬಿಟ್ಟುಬಿಟ್ಟರೆ ಮೀನಿಗೆ ಏನೂ ಆಗುವುದಿಲ್ಲವೆಂದು ನಂಬುವುದು ಸುಳ್ಳು; ನೀರಿನ ಉಷ್ಣತೆ ಸುಮಾರು 20 ಡಿಗ್ರಿ ದಾಟಿದಾಗ, ದಣಿದ ಟ್ರೌಟ್ ಬಿಟ್ಟ ಮೇಲೂ ಸಾಯಬಹುದು. ಆದುದರಿಂದ ಕೋಲಿನ ಜೊತೆಗೆ ಒಂದು ಥರ್ಮಾಮೀಟರನ್ನೂ ಇಟ್ಟುಕೊಂಡು, ನೀರು ಬೆಚ್ಚಗಾದ ದಿನ ಗಾಳವನ್ನು ಸುತ್ತಿಡುವವರನ್ನು ಮಾತ್ರ ನಾನು ಒಳ್ಳೆಯ ಬೆಸ್ತರೆಂದು ಒಪ್ಪುತ್ತೇನೆ. ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಹೊಳೆಯಲ್ಲಿ ನೀರು ಉಳಿಯಬೇಕೆಂದು ವಾದಿಸುವವರ ಸಾಲಿನಲ್ಲಿ ಗಾಳದವರು ಬಹಳ ಮಂದಿ ನಿಂತಿರುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸೆಪ್ಟೆಂಬರನ್ನೇ ಏಕೆ ಹೇಳುತ್ತೇನೆಂಬುದಕ್ಕೆ ಕಾರಣ ಜಲಾಶಯಗಳಲ್ಲಿದೆ. 1905ರಲ್ಲಿ ಮಂಜೂರಾದ ನೀರಾವರಿ ಯೋಜನೆಯಡಿ ಯಾಕಿಮಾ ಮತ್ತು ಅದರ ಉಪನದಿಗಳ ಮೇಲ್ಭಾಗದಲ್ಲಿ ಐದು ಮುಖ್ಯ ಜಲಾಶಯಗಳಿವೆ. ಬೇಸಿಗೆಯಲ್ಲಿ ತೋಟಗಳಿಗಾಗಿ ಬಿಟ್ಟ ನೀರು ಈ ಕಮರಿಯ ಮೂಲಕವೇ ಇಳಿಯುವುದರಿಂದ, ಬೇರೆ ಹೊಳೆಗಳು ಬತ್ತುವ ಕಾಲದಲ್ಲಿ ಇದು ದಡ ಮುಟ್ಟಿ, ತಣ್ಣಗೆ, ರಭಸವಾಗಿ ಹರಿಯುತ್ತದೆ. ಆಗ ದೋಣಿಯಲ್ಲಿ ಕೂತು ದಡದತ್ತ ಗಾಳ ಬೀಸುವುದೇ ಸರಿ. ಸೆಪ್ಟೆಂಬರಿನ ಆರಂಭದಲ್ಲಿ ಮೇಲಿನ ಯಾಕಿಮಾದ ಹರಿವನ್ನು ತಗ್ಗಿಸಿ, ಕೆಳಗಿನ ತೋಟಗಳಿಗೆ ಬೇಕಾದ ನೀರನ್ನು ನಾಚಿಸ್ ಉಪನದಿಯ ಕಡೆಯಿಂದ ಬಿಡಲಾಗುತ್ತದೆ. ವಸಂತದಲ್ಲಿ ಸಮುದ್ರದಿಂದ ಮೇಲೇರಿ ಬಂದ ಚಿನೂಕ್ ಸಾಲ್ಮನ್‌ಗಳು ಆಗ ಮೇಲಿನ ಹೊಳೆಯಲ್ಲಿ ಮೊಟ್ಟೆಯಿಡುತ್ತವೆ. ತುಂಬಿದ ಹೊಳೆಯ ಅಂಚಿನಲ್ಲಿ ಮೊಟ್ಟೆಯಿಟ್ಟರೆ, ಜಲಾಶಯದ ಬಾಗಿಲು ಮುಚ್ಚಿದ ಮೇಲೆ ಆ ಗೂಡುಗಳು ಒಣಗಿಹೋಗುತ್ತವೆ. 1980ರಲ್ಲಿ ಇದು ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿ, ಗೂಡುಗಳನ್ನು ಉಳಿಸಲು ನೀರು ಬಿಡಬೇಕೆಂದು ಆದೇಶವಾದ ಮೇಲೆಯೇ ಈ ಕ್ರಮ ರೂಢಿಗೆ ಬಂದದ್ದು. ಹೊಳೆ ಇಳಿದಾಗ ಮನುಷ್ಯರು ನೀರಿನಲ್ಲಿ ನಡೆದು ಗಾಳ ಬೀಸಬಹುದು. ಅದೇ ವಾರಗಳಲ್ಲಿ ದ್ರಾಕ್ಷಿಯ ಕೊಯ್ಲು ಶುರುವಾಗಿರುತ್ತದೆ, ಹಾಪ್ಸ್ ಒಣಗಿಸುವ ಗೂಡುಗಳ ಘಾಟು ರಸ್ತೆಯುದ್ದಕ್ಕೂ ಹಬ್ಬಿರುತ್ತದೆ. ಸಾಲ್ಮನ್ ಮೊಟ್ಟೆಯ ಮೇಲೆ ಕಾಲಿಡದಂತೆ ತಿಳಿಬಣ್ಣದ ಜಲ್ಲಿಹಾಸುಗಳನ್ನು ತುಳಿಯದೆ ಸುತ್ತುಹಾಕಿ ನಡೆಯಿರಿ, ಅಷ್ಟೆ.

ಊರಿನ ಸುಖಗಳಲ್ಲಿ ನನಗೆ ಮೆಚ್ಚಿಗೆಯಾದವು ಜಂಭವಿಲ್ಲದವು. ಅಮೆರಿಕದಲ್ಲಿ ಮದ್ಯನಿಷೇಧದ ಕಾಲದ ನಂತರ ತಾನೇ ಬಿಯರ್ ತಯಾರಿಸಿ ತನ್ನಲ್ಲೇ ಬಡಿಸುವ ಮೊದಲ ಪಬ್ ಆರಂಭವಾದದ್ದು 1982ರಲ್ಲಿ, ಯಾಕಿಮಾದಲ್ಲಿ, ಬರ್ಟ್ ಗ್ರಾಂಟ್ ಎಂಬುವರಿಂದ. ಕೊಯ್ದು ಒಣಗಿಸದ ಹಸಿ ಹಾಪ್ಸ್‌ನಿಂದ ಮಾಡಿದ ಬಿಯರ್ ಶರತ್ಕಾಲದಲ್ಲಿ ಮಾತ್ರ ಸಿಗುತ್ತದೆ. ತೋಟಗಳಲ್ಲಿ ದುಡಿಯಲು ಬಂದು ನೆಲೆನಿಂತ ಮೆಕ್ಸಿಕನ್ ಕುಟುಂಬಗಳ ಅಡುಗೆಯೇ ಇಂದು ಕಣಿವೆಯ ನಿಜವಾದ ಊಟ. ಯೂನಿಯನ್ ಗ್ಯಾಪ್ ಊರಿನ ಲೋಸ್ ಹೆರ್ನಾಂಡೆಸ್ ಎಂಬ ತಮಾಲೆ (ಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು) ಅಂಗಡಿ 2018ರಲ್ಲಿ ಅಮೆರಿಕದ ಹೆಸರಾಂತ ಪಾಕಪ್ರಶಸ್ತಿಯಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆಯಿತು. ಅಲ್ಲಿನ ಶತಾವರಿ ತಮಾಲೆ ವಸಂತದ ತಿನಿಸಾದ್ದರಿಂದ, ಸೆಪ್ಟೆಂಬರಿನವರಿಗೆ ಆ ಒಂದು ನಷ್ಟವಿದೆ. ಕಣಿವೆಯ ಪಶ್ಚಿಮ ತುದಿಯ ರೆಡ್ ವಿಲ್ಲೋ ತೋಟದಲ್ಲಿ 1986ರಲ್ಲಿ ನೆಟ್ಟ ಸಿರಾ ಎಂಬ ಕೆಂಪು ವೈನಿನ ದ್ರಾಕ್ಷಿಯೇ ರಾಜ್ಯದಲ್ಲಿ ಮೊದಲನೆಯದು. ಇಡೀ ಸಂಜೆಗೆ ಒಂದೇ ಸೀಸೆ, ಒಂದೇ ಊಟ, ಅಷ್ಟು ಸಾಕು.

ಎರಡನೆಯ ದಿನ ಪ್ರಾಸರ್ ಕಡೆಗೆ ಹೊರಟಾಗ, ಪಾರ್ಕರ್ ಎಂಬಲ್ಲಿ ಹೊಳೆಯತ್ತ ಒಮ್ಮೆ ನೋಡಬೇಕು. ಕ್ಯುಸೆಕ್ ಲೆಕ್ಕ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: ನಡುಬೇಸಿಗೆಯಲ್ಲಿ ಕಮರಿಯಲ್ಲಿ ಮೂರು ಸಾವಿರ ಕ್ಯುಸೆಕ್‌ಗೂ ಮಿಕ್ಕಿ ಹರಿಯುವ ಹೊಳೆ, ಕಾಲುವೆಗಳು ತಮ್ಮ ಪಾಲನ್ನು ಎತ್ತಿಕೊಂಡ ಮೇಲೆ ಇಲ್ಲಿ ಕೆಲವು ನೂರಕ್ಕೆ ಇಳಿಯುತ್ತದೆ. 1994ರ ಕಾನೂನು ಇಲ್ಲಿ ಉಳಿಸಬೇಕೆಂದು ಗೊತ್ತುಪಡಿಸಿದ ಹರಿವು 300ರಿಂದ 600 ಕ್ಯುಸೆಕ್. ಬರಗಾಲ ಬಂದಾಗ ರೈತರಿಗೂ ಸಂಕಟ ತಪ್ಪಿದ್ದಲ್ಲ. 2015ರಲ್ಲಿ, ನೀರಿನ ಹಕ್ಕನ್ನು ತಡವಾಗಿ ಪಡೆದು ಸರದಿಯಲ್ಲಿ ಹಿಂದಿರುವ ರೈತರಿಗೆ ಸಿಕ್ಕಿದ್ದು ಅವರ ಪಾಲಿನ ಅರ್ಧಕ್ಕಿಂತಲೂ ಕಡಿಮೆ. ಇವರೆಲ್ಲರಿಗಿಂತ ಹಳೆಯ ಹಕ್ಕು ಇಲ್ಲಿನ ಮೂಲನಿವಾಸಿಗಳಾದ ಯಾಕಮಾ ಜನಾಂಗದ್ದು: 1855ರ ಒಪ್ಪಂದವು ತಾವು ಹಿಂದಿನಿಂದ ಮೀನು ಹಿಡಿಯುತ್ತಿದ್ದ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಅವರಿಗೆ ಉಳಿಸಿಕೊಟ್ಟಿದೆ. ಅಣೆಕಟ್ಟುಗಳಿಂದ ಈ ಹೊಳೆಯಲ್ಲಿ ಪೂರ್ತಿ ಅಳಿದುಹೋಗಿದ್ದ ಸಾಕೈ ಸಾಲ್ಮನ್ ಮೀನನ್ನು 2009ರಿಂದ ಕ್ಲೆ ಎಲಮ್ ಸರೋವರಕ್ಕೆ ಮತ್ತೆ ತಂದು ಬಿಡುತ್ತಿರುವವರೂ ಅವರೇ. ಕಣಿವೆಯ ಸುಖಗಳನ್ನು ಹೊಗಳುವ ಪ್ರವಾಸಿ ಕೈಪಿಡಿಗಳಲ್ಲಿ ವೈನಿಗೆ ಹತ್ತು ಪುಟವಿದ್ದರೆ ಈ ಕೆಲಸಕ್ಕೆ ಒಂದಾದರೂ ಇರಬೇಕಿತ್ತು ಎಂಬುದೇ ನನ್ನ ತಕರಾರು.