ಓಕೆ ಹುಟ್ಟಿದ ತಾರೀಖು

ಕೇಳುಗರಿಗೆ ನಮಸ್ಕಾರ. ‘ಓಕೆ’ ಅನ್ನದೆ ನಮಗೆ ಒಂದು ದಿನವೂ ಕಳೆಯುವುದಿಲ್ಲ, ಅಲ್ವಾ? ಈ ಇಂಗ್ಲಿಷ್ ಮಾತು ಎಲ್ಲಿಂದ ಬಂತು ಅಂತ ಕೇಳಿ ನೋಡಿ. ಒಬ್ಬರು ಗ್ರೀಕ್ ಅನ್ನುತ್ತಾರೆ. ಇನ್ನೊಬ್ಬರು ಅಮೆರಿಕದ ಚೋಕ್ಟಾ ಬುಡಕಟ್ಟಿನ ಮಾತು ಅನ್ನುತ್ತಾರೆ. ಕಥೆ ಚೆಂದ ಇದ್ದರೆ ಸಾಲದು ಸ್ವಾಮಿ. ಎಲ್ಲಿ ಅಚ್ಚಾಗಿದೆ? ಯಾವ ತಾರೀಖು? ಅದನ್ನು ಹೇಳಬೇಕು.

ಓಕೆಗೆ ತಾರೀಖು ಇದೆ. 1839ರ ಮಾರ್ಚ್ 23, ಬಾಸ್ಟನ್ ಮಾರ್ನಿಂಗ್ ಪೋಸ್ಟ್ ಪತ್ರಿಕೆ. ಆಗ ಅಲ್ಲಿನ ಪತ್ರಿಕೆಯವರಿಗೆ ಒಂದು ಖಯಾಲಿ. ಬೇಕಂತಲೇ ಸ್ಪೆಲಿಂಗ್ ತಪ್ಪಿಸಿ, ಮೊದಲ ಅಕ್ಷರಗಳನ್ನಷ್ಟೇ ಅಚ್ಚು ಹಾಕುವುದು. ‘ಆಲ್ ಕರೆಕ್ಟ್’ ಅಂದರೆ ಎ, ಸಿ ಬರಬೇಕು. ಇವರು ಓ, ಕೆ ಹಾಕಿದರು. ‘ಆಲ್ ರೈಟ್’ ಓ, ಡಬ್ಲ್ಯೂ ಆಯಿತು! ಅದು ಹೇಳಹೆಸರಿಲ್ಲದೆ ಹೋಯಿತು. ಓಕೆಯನ್ನು ಉಳಿಸಿದ್ದು ಚುನಾವಣೆ.

1840ರಲ್ಲಿ ಅಮೆರಿಕದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಮತ್ತೆ ಕಣಕ್ಕಿಳಿದರು. ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ಅದರಿಂದಲೇ ‘ಓಲ್ಡ್ ಕಿಂಡರ್‌ಹುಕ್’ ಅನ್ನುವ ಅಡ್ಡಹೆಸರು. ನೋಡಿ, ಇಲ್ಲೂ ಓ, ಕೆ! ಬೆಂಬಲಿಗರು ಓಕೆ ಕ್ಲಬ್ ಅಂತಲೇ ಕಟ್ಟಿಕೊಂಡರು. ಎದುರು ಪಕ್ಷದವರು ಸುಮ್ನೆ ಇರುತ್ತಾರಾ? ವ್ಯಾನ್ ಬ್ಯೂರನ್ ಪಕ್ಷದವರೇ ಆದ ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಸ್ಪೆಲಿಂಗ್ ಬರುತ್ತಿರಲಿಲ್ಲ, ‘ಆಲ್ ಕರೆಕ್ಟ್’ ಬರೆಯಲು ಹೋಗಿ ಓಕೆ ಅಂತ ಗೀಚುತ್ತಿದ್ದರು ಅಂತ ಸುದ್ದಿ ಹಬ್ಬಿಸಿದರು. ಆ ಕಟ್ಟುಕಥೆಯನ್ನು ಇವತ್ತಿಗೂ ನಂಬುವವರಿದ್ದಾರೆ! ವ್ಯಾನ್ ಬ್ಯೂರನ್ ಸೋತರು, ವಿಲಿಯಂ ಹೆನ್ರಿ ಹ್ಯಾರಿಸನ್ ಗೆದ್ದರು. ಅಷ್ಟರಲ್ಲಿ ಓಕೆ ಜನರ ಬಾಯಿಗೆ ಬಿದ್ದಾಗಿತ್ತು.

ಇದನ್ನೆಲ್ಲ ಹೊರಗೆ ತೆಗೆದವರು ಕೊಲಂಬಿಯಾ ವಿಶ್ವವಿದ್ಯಾಲಯದ ಆಲನ್ ವಾಕರ್ ರೀಡ್. ಹಳೆಯ ಪತ್ರಿಕೆಗಳನ್ನು ಜಾಲಾಡಿ, 1963 ಮತ್ತು 1964ರಲ್ಲಿ ‘ಅಮೆರಿಕನ್ ಸ್ಪೀಚ್’ ಪತ್ರಿಕೆಯಲ್ಲಿ ಸಾಲು ಸಾಲು ಲೇಖನ ಬರೆದರು. ಅವರು ಕಥೆ ಕೇಳಿ ತಲೆಯಾಡಿಸಲಿಲ್ಲ. ಅಚ್ಚಾದ ಕಾಗದ ಹುಡುಕಿದರು, ತಾರೀಖು ನೋಡಿದರು. ಶಬ್ದದ ಮೂಲ ಹುಡುಕುವುದು ಅಂದರೆ ಇದು!

ಅರ್ಥಗಳ ಬಗ್ಗೆ ಹೇಳಲು ಹೊತ್ತು ಜಾಸ್ತಿ ಉಳಿದಿಲ್ಲ. ಮುಂದೆ ತಂತಿ ಕಚೇರಿಗಳಲ್ಲೂ ಎಲ್ಲ ಸರಿಯಿದೆ ಅನ್ನಲು ಓಕೆ ಬಂತು. ನಮ್ಮಲ್ಲಿ ಸಾಹೇಬರು ಫೈಲ್ ಓಕೆ ಮಾಡುತ್ತಾರೆ, ಗಂಡಿನ ಕಡೆಯವರು ಸಂಬಂಧಕ್ಕೆ ಓಕೆ ಅನ್ನುತ್ತಾರೆ. ಅದನ್ನೇ ಎರಡು ಸಲ ಹೇಳಿ ನೋಡಿ. ‘ಸಿನಿಮಾ ಹೇಗಿತ್ತು?’ ‘ಓಕೆ ಓಕೆ.’ ಅಂದರೆ ಅಷ್ಟಕ್ಕಷ್ಟೇ!

ನಮಸ್ಕಾರ.