ಕಾರ್ನಾಡು ಅನ್ನೋ ಹೆಸರು: ಮುಂದೆಯೋ, ಕೊನೆಗೋ?

ಎಲ್ರಿಗೂ ನಮಸ್ಕಾರ. ಮಂಗಳೂರಿನ ಕೆ.ಎಸ್. ರಾವ್ ರೋಡ್ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿರುತ್ತೆ, ಆದ್ರೆ ಆ ಕೆ ಅಂದ್ರೆ ಏನು ಅಂತ ಕೇಳಿದ್ರೆ ಹೇಳೋರು ಕಮ್ಮಿ. ಅದು ಕಾರ್ನಾಡು. ಕಾರ್ನಾಡ್ ಸದಾಶಿವ ರಾವ್, 1881ರಲ್ಲಿ ಹುಟ್ಟಿದ ವಕೀಲರು, ಇದ್ದಬದ್ದದ್ದೆಲ್ಲ ಸ್ವಾತಂತ್ರ್ಯ ಚಳುವಳಿಗೆ ಸುರಿದು 1937ರಲ್ಲಿ ಬರಿಗೈಲಿ ತೀರಿಕೊಂಡ್ರು. ಬೆಂಗಳೂರಿನ ಸದಾಶಿವನಗರಕ್ಕೂ ಇವರದ್ದೇ ಹೆಸರು. ಇಂಥ ದೊಡ್ಡ ಮನುಷ್ಯನ ಮನೆತನದ ಹೆಸರು ಒಂದಕ್ಷರದಲ್ಲಿ ಮುಚ್ಚಿಹೋಯ್ತಲ್ಲ ಅಂತ ನಂಗೆ ನಿಜವಾಗ್ಲೂ ಬೇಜಾರು.

ಈಗ ಗಿರೀಶ್ ಕಾರ್ನಾಡ್ ಅವರನ್ನ ನೋಡಿ. ಇವರೂ ಸದಾಶಿವ ರಾಯರ ಹಾಗೇ ಚಿತ್ರಾಪುರ ಸಾರಸ್ವತರೇ, ಅಂದ್ರೆ ಕರಾವಳಿಯ ಕೊಂಕಣಿ ಮಾತಾಡೋ ಒಂದು ಬ್ರಾಹ್ಮಣ ಸಮುದಾಯದವರು, ಆದ್ರೆ ಸದಾಶಿವ ರಾಯರಿಗೆ ಮುಂದೆ ಇದ್ದ ಕಾರ್ನಾಡು ಇವರಿಗೆ ಕೊನೆಗೆ ಬಂತು. ಯಾಕೆ?

ಕಾರಣ ಬ್ರಿಟಿಷರ ಕಾಲದ ಆಡಳಿತದಲ್ಲಿದೆ. ಮೊದ್ಲು ಕರಾವಳಿ ಪೂರ್ತಿ ಮದ್ರಾಸಿನ ಕೆಳಗಿತ್ತು, 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಹೋಯ್ತು, ದಕ್ಷಿಣ ಕನ್ನಡ ಮದ್ರಾಸಲ್ಲೇ ಉಳೀತು. ಮದ್ರಾಸ್ ಕಡೆ ರೂಢಿ ಅಂದ್ರೆ ಊರಿನ ಹೆಸರು ಮುಂದೆ, ಅದೂ ಬರ್ತಾ ಬರ್ತಾ ಇನಿಷಿಯಲ್ ಆಗೋದು. ಮುಂಬೈ ಕಡೆ ನಿಮ್ಮ ಹೆಸರು, ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಗಿರೀಶರು ಹುಟ್ಟಿದ್ದು 1938ರಲ್ಲಿ ಮಾಥೇರಾನಲ್ಲಿ, ಬೆಳೆದದ್ದು ಶಿರಸಿ, ಧಾರವಾಡ, ಎಲ್ಲಾ ಮುಂಬೈ ಪ್ರಾಂತ್ಯದ್ದೇ. ನಿಲೇಕಣಿ, ಕಾಯ್ಕಿಣಿ ಇವೆಲ್ಲ ಕೊನೆಗೆ ಬರೋದು ಹೀಗೇ, ಪಂಜೆ ಮಂಗೇಶರಾಯರು, ಗುಲ್ವಾಡಿ ವೆಂಕಟರಾಯರು ಇವರಿಗೆಲ್ಲ ಮುಂದೆ. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವರ ಬಿ ಅಂದ್ರೆ ಬೆನಗಲ್, ಸಿನಿಮಾ ನಿರ್ದೇಶಕ ಶ್ಯಾಮ್ ಬೆನಗಲ್ ಹೆಸರಲ್ಲಿ ಕೊನೆಗೆ ಕಾಣಿಸೋದು ಅದೇ ಹೆಸರು.

ಇನ್ನು ಊರು. ಕಾರ್ನಾಡು ಇರೋದು ಮುಲ್ಕಿ ಹತ್ರ, ಪೇಟೆಗೆ ಅಂಟಿಕೊಂಡೇ ಇದೆ. ಅಲ್ಲೇ ಇರೋರು ತಮ್ಮನ್ನ ಕಾರ್ನಾಡು ಅಂತ ಯಾಕೆ ಕರ್ಕೊಳ್ತಾರೆ ಹೇಳಿ, ಅಲ್ಲಿ ಎಲ್ರೂ ಕಾರ್ನಾಡಿನವರೇ ಅಲ್ವಾ. ಊರು ಬಿಟ್ಟು ಹೋದ ಮೇಲೇನೇ ಊರು ಹೆಸರಿಗೆ ಅಂಟೋದು. ಸಾರಸ್ವತರಲ್ಲಿ ಓದ್ಕೊಂಡವರು ಬೇಗನೇ ಸರ್ಕಾರಿ ನೌಕರಿ, ವಕೀಲಿ, ಬ್ಯಾಂಕು ಅಂತ ಮುಂಬೈಗೆ ಹೋದ್ರು, 1915ರಲ್ಲೇ ಗಾಮ್‌ದೇವಿಯಲ್ಲಿ ತಮ್ಮದೇ ಸಹಕಾರಿ ಹೌಸಿಂಗ್ ಸೊಸೈಟಿ ಕಟ್ಟಿದ್ರು. ಹಾಗಾಗಿ ಪಡುಕೋಣೆ, ಹಟ್ಟಂಗಡಿ, ಕಲ್ಯಾಣಪುರ, ಬಿಜೂರು ಅಂತ ಕುಂದಾಪುರ, ಉಡುಪಿ ಸುತ್ತಮುತ್ತಲಿನ ಸಣ್ಣಸಣ್ಣ ಊರುಗಳ ಹೆಸರು ಮುಂಬೈಯಲ್ಲಿ ಅಡ್ಡಹೆಸರಾಗಿ ಸಿಗುತ್ತೆ. ಹಿಂದಿ ಸಿನಿಮಾದ ನಟ, ನಿರ್ದೇಶಕ ಗುರುದತ್ ಅವರದ್ದೂ ಪಡುಕೋಣೆ ಮನೆತನ, ಹುಟ್ಟಿದ್ದು ಬೆಂಗಳೂರಲ್ಲಿ, ಆದ್ರೆ ಹೆಸರಲ್ಲಿ ಪಡುಕೋಣೆ ಬಿಟ್ಟಿದ್ರಿಂದ ಎಷ್ಟೋ ಜನ ಅವರನ್ನ ಬಂಗಾಳಿ ಅಂದ್ಕೊಂಡ್ರು.

ಸಮುದಾಯವೇ ಚಿಕ್ಕದು, ಅದ್ರಲ್ಲಿ ಒಂದೊಂದು ಊರಿಂದ ಹೊರಟಿದ್ದು ಕೆಲವೇ ಮನೆ, ಅದಕ್ಕೇ ಈ ಹೆಸರುಗಳು ಅಪರೂಪ. ಹಾಗಂತ ಒಂದೇ ಅಡ್ಡಹೆಸರು ಇದ್ದವರೆಲ್ಲ ದಾಯಾದಿಗಳು ಅಂತ ತಿಳ್ಕೋಬೇಡಿ, ಊರು ಒಂದು ಅಂತ ಅಷ್ಟೇ, ಗೋತ್ರ ಬೇರೆ ಇರಬಹುದು. ಎಲ್ಲಾ ಹೆಸರೂ ಊರಿಂದ್ಲೇ ಬಂದಿದ್ದೂ ಅಲ್ಲ, ನಾಡಕರ್ಣಿ ಅನ್ನೋದು ಲೆಕ್ಕಪತ್ರ ನೋಡ್ತಿದ್ದ ಹುದ್ದೆ.

ಈಗ ಪಾಸ್‌ಪೋರ್ಟ್ ಫಾರ್ಮಲ್ಲಿ ಸರ್‌ನೇಮ್ ಅಂತ ಕೇಳ್ತಾರೆ, ಮದ್ರಾಸ್ ರೂಢಿಯ ಮನೆಯವರು ಅಲ್ಲಿ ರಾವ್ ಅಂತ ತುಂಬಿಬಿಟ್ರೆ ಊರಿನ ಇನಿಷಿಯಲ್ಲೂ ಹೋಯ್ತು. ನಿಮ್ಮನೇಲಿ ಅಜ್ಜ, ದೊಡ್ಡಪ್ಪ ಯಾರಾದ್ರೂ ಇದ್ರೆ ಆ ಅಕ್ಷರ ಯಾವ ಊರಿಂದು ಅಂತ ಇವತ್ತೇ ಕೇಳಿ ಬರೆದಿಟ್ಕೊಳ್ಳಿ.