ಮಂತುಹುಳಿ ಸಾರಿಗಿರಲಿ, ಮಾತ್ರೆಗೆ ಬೇಡ

ನಮಸ್ಕಾರ. ತೂಕ ಇಳಿಸುವ ಮಾತ್ರೆ ಅಂತ ಮಂಗಳೂರಿನ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ‘ಗಾರ್ಸಿನಿಯಾ ಕಾಂಬೋಜಿಯಾ’ ಮಾರುತ್ತಾರೆ. ಅದು ನಮ್ಮ ಘಟ್ಟದ ಮಂತುಹುಳಿಯೇ. ಶಿರಸಿ ಕಡೆ ಉಪ್ಪಾಗೆ ಅನ್ನುತ್ತಾರೆ. ಕೊಡಗಿನವರು ಇದರ ರಸ ಕುದಿಸಿ ಕಾಚಂಪುಳಿ ಮಾಡುತ್ತಾರೆ. ಹಣ್ಣು ಆಗುವುದು ಮಳೆಗಾಲದಲ್ಲಿ, ಬಿಸಿಲು ಎಲ್ಲಿಂದ ಬರಬೇಕು? ಸಿಪ್ಪೆ ಬಿಡಿಸಿ, ಬೆಂಕಿಯ ಮೇಲೆ ಅಟ್ಟ ಕಟ್ಟಿ, ಹೊಗೆಯಲ್ಲಿ ಕಪ್ಪಗಾಗುವವರೆಗೆ ಒಣಗಿಸುತ್ತಾರೆ. ಮೀನು ಸಾರಿಗೆ ಎರಡು ಚೂರು ಬಿದ್ದರೆ ಸಾಕು.

ಆ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ಜಾಸ್ತಿ ತಿಂದ ಅನ್ನ, ಸಕ್ಕರೆ ಲಿವರಿನಲ್ಲಿ ಕೊಬ್ಬಾಗುತ್ತದೆ ಅಲ್ವಾ, ಅದಕ್ಕೆ ಬೇಕಾದ ಒಂದು ಕಿಣ್ವವನ್ನು ಇದು ತಡೆಯುತ್ತದೆ. ಇಲಿಗಳಲ್ಲಿ ಫಲ ಕಂಡದ್ದೂ ನಿಜ. ಮನುಷ್ಯರಲ್ಲಿ? ಅಮೆರಿಕದ ‘ಜಾಮಾ’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 1998ರಲ್ಲಿ ಒಂದು ಪರೀಕ್ಷೆಯ ವರದಿ ಬಂತು. 135 ಮಂದಿ, 12 ವಾರ. ಕೆಲವರಿಗೆ ದಿನಕ್ಕೆ 1,500 ಮಿಲಿಗ್ರಾಂ ಈ ಆಮ್ಲ, ಉಳಿದವರಿಗೆ ಔಷಧವೇ ಇಲ್ಲದ ಮಾತ್ರೆ. ಎಲ್ಲರಿಗೂ ಒಂದೇ ಪಥ್ಯ. ಎರಡೂ ಕಡೆ ತೂಕ ಇಳಿಯಿತು. ಆಮ್ಲದ ಮಾತ್ರೆ ನುಂಗಿದವರಿಗೆ ಉಳಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಕೆಲಸ ಮಾಡಿದ್ದು ಪಥ್ಯ!

ಹೋಗಲಿ, ದುಡ್ಡು ಮಾತ್ರ ಹೋಗುತ್ತದೆ ಅಂತ ಬಿಡುವ ಹಾಗೂ ಇಲ್ಲ. ಗಾರ್ಸಿನಿಯಾ ಮಾತ್ರೆಯಿಂದ ಲಿವರ್ ಕೆಟ್ಟವರಿದ್ದಾರೆ, ಕಸಿ ಮಾಡಿಸಬೇಕಾಗಿ ಬಂದವರೂ ಇದ್ದಾರೆ. ಗ್ರೀನ್ ಟೀ ಸಾರದ ಮಾತ್ರೆಯದ್ದೂ ಅದೇ ಕತೆ. ಲೋಟದಲ್ಲಿ ಕುಡಿಯುವ ಟೀ ಬೇರೆ, ಅದರ ಸತ್ವವನ್ನು ಗಟ್ಟಿ ಮಾಡಿ ತುಂಬಿದ ಮಾತ್ರೆ ಬೇರೆ. ಆ ಸತ್ವದಲ್ಲಿ ಮುಖ್ಯವಾದದ್ದು ಇಜಿಸಿಜಿ, ಮಾತ್ರೆಯಿಂದ ಅದು ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರಿಗೆ ಪೆಟ್ಟು ಬೀಳಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಹೇಳಿದೆ.

‘ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಆಟಿ ಅಮಾವಾಸ್ಯೆ ಬಂದರೆ ತುಳುನಾಡಿನಲ್ಲಿ ಏನು ಮಾಡುತ್ತೇವೆ? ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತರುತ್ತೇವೆ. ಮರದ ಗುರುತು ಹಿಂದಿನ ದಿನವೇ ಹಿಡಿದಿರಬೇಕು. ತಪ್ಪಿ ಕಾಸರಕದ ತೊಗಟೆ ಬಂದರೆ ಪ್ರಾಣಕ್ಕೇ ಸಂಚಕಾರ. ಹಾಲೆ ತೊಗಟೆಯ ಕಷಾಯ ಕುಡಿಯುವುದೂ ವರ್ಷಕ್ಕೆ ಒಂದೇ ಸಲ, ಅಳತೆ ನೋಡಿ, ಆಮೇಲೆ ಹೊಟ್ಟೆ ತಂಪಾಗಲು ಮೆಂತೆ ಗಂಜಿ. ಇಷ್ಟು ಎಚ್ಚರ ಇರುವ ನಾವು, ಒಳಗೆ ಏನಿದೆ ಅಂತ ಸರಿಯಾಗಿ ಗೊತ್ತಿಲ್ಲದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದು ಯಾಕೆ?

ಗಿಡದಲ್ಲಿ ಸತ್ವ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್‌ನ ಹಿಂದೆ ಗೆಲೀಗಾ ಅನ್ನುವ ಗಿಡ ಇದೆ. ಆದರೆ ಅದು ಗಿಡದಿಂದ ನೇರ ಡಬ್ಬಿಗೆ ಬಿದ್ದದ್ದಲ್ಲ, ದಶಕಗಳ ಪರೀಕ್ಷೆ ದಾಟಿ ಬಂದದ್ದು.

ಹೊಟ್ಟೆ ಕರಗಬೇಕು ಅನ್ನುವ ಆಸೆ ತಪ್ಪಲ್ಲ. ನಮ್ಮ ದೇಶದವರ ಲೆಕ್ಕದಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಬಿಪಿ, ಶುಗರ್ ನೋಡಿಸಲೇಬೇಕು. ಹುರುಳಿ ಸಾರು, ಬಸಳೆ, ಹಾಗಲಕಾಯಿ ಬಟ್ಟಲಲ್ಲಿ ಹೆಚ್ಚಲಿ, ಅನ್ನ ಕಡಿಮೆಯಾಗಲಿ. ಪುನರ್ಪುಳಿ ಶರಬತ್ತು ಒಳ್ಳೆಯದು ಅಂತ ಲೋಟಗಟ್ಟಲೆ ಕುಡಿಯುವವರು ಅದಕ್ಕೆ ಸುರಿಯುವ ಸಕ್ಕರೆಯನ್ನೂ ನೋಡಿ.

ಈಗಾಗಲೇ ಇಂಥ ಮಾತ್ರೆ ತಗೊಳ್ಳುತ್ತಿದ್ದೀರಾ? ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಊಟ ಸೇರದೆ ವಾಕರಿಕೆ ಬಂದರೆ ಮಾತ್ರೆ ಅಲ್ಲಿಗೇ ನಿಲ್ಲಿಸಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಡಬ್ಬಿಯನ್ನೂ ಜೊತೆಗೆ ತಗೊಂಡು ಹೋಗಿ.